ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಗಳ ಇಂಗ್ಲಿಷ್ ವ್ಯಾಕರಣ: ಕನ್ನಡ ಮಾಧ್ಯಮದವರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಬಿ.ಎ. ಮುಗಿಸಿ ಕೇಂದ್ರ ಸರ್ಕಾರಿ ಹುದ್ದೆಗಳ ಎಸ್‌ಎಸ್‌ಸಿ ಸಿಜಿಎಲ್ ಮತ್ತು ಸಾರ್ವಜನಿಕ ಬ್ಯಾಂಕುಗಳ ಐಬಿಪಿಎಸ್ ಕ್ಲರ್ಕ್ ಪರೀಕ್ಷೆಗಳಿಗೆ ಸಿದ್ಧತೆ ನಡೆಸುತ್ತಿದ್ದೇನೆ. ಗಣಿತ ಮತ್ತು ರೀಸನಿಂಗ್‌ನಲ್ಲಿ ತಕ್ಕಮಟ್ಟಿಗೆ ಅಂಕ ಬರುತ್ತಿದೆ. ಇಂಗ್ಲಿಷ್ ವ್ಯಾಕರಣದ ನಿಯಮಗಳನ್ನು ಹಲವು ಸಲ ಓದಿದ್ದರೂ ವಾಕ್ಯದ ತಪ್ಪು ಭಾಗವನ್ನು ಗುರುತಿಸುವ ‘ಸ್ಪಾಟಿಂಗ್ ಎರರ್’ ಪ್ರಶ್ನೆ ಎದುರಾದಾಗ ವಾಕ್ಯದ ಎಲ್ಲ ಭಾಗಗಳೂ ಸರಿಯಾಗಿಯೇ ಕಾಣುತ್ತವೆ. ಯಾವ ಅಧ್ಯಾಯಗಳಿಗೆ ಹೆಚ್ಚು ಸಮಯ ಕೊಡಬೇಕು? ಉತ್ತರ ಖಚಿತವಿಲ್ಲದಾಗ ಊಹಿಸಿ ಗುರುತಿಸಬಹುದೇ ಅಥವಾ ಬಿಟ್ಟುಬಿಡಬೇಕೇ?

ಉತ್ತರ: ‘ಎಲ್ಲ ಭಾಗಗಳೂ ಸರಿಯಾಗಿಯೇ ಕಾಣುತ್ತವೆ’ ಎಂಬ ನಿಮ್ಮ ಮಾತಿನಲ್ಲೇ ಸಮಸ್ಯೆಯ ಮೂಲವಿದೆ. ‘ಹುಡುಗರು ಶಾಲೆಗೆ ಬಂದಿತು’ ಎಂಬ ವಾಕ್ಯ ಕಿವಿಗೆ ಬಿದ್ದೊಡನೆ ಅದು ತಪ್ಪೆಂದು ನಿಮಗೆ ತಿಳಿಯುತ್ತದೆ. ಅದಕ್ಕೆ ಯಾವ ನಿಯಮವನ್ನೂ ನೆನಪಿಸಿಕೊಳ್ಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಅಂಥ ಕಿವಿ ನಮಗೆ ಬಾಲ್ಯದಿಂದ ಸಿದ್ಧವಾಗಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ಕಚೇರಿಗಳಲ್ಲಿ, ಕಾಲೇಜುಗಳಲ್ಲಿ, ಟಿವಿಯಲ್ಲಿ ದಿನವೂ ಕೇಳುವ ಇಂಗ್ಲಿಷಿನ ಎಷ್ಟೋ ಪ್ರಯೋಗಗಳನ್ನು ಈ ಪರೀಕ್ಷೆಗಳು ತಪ್ಪೆಂದೇ ಪರಿಗಣಿಸುತ್ತವೆ. ಆದ್ದರಿಂದ ‘ಕೇಳಲು ಸರಿ ಎನಿಸುತ್ತದೆ’ ಎಂಬುದನ್ನು ಆಧಾರವಾಗಿ ಇಟ್ಟುಕೊಂಡಷ್ಟೂ ದಿನ ನಿಯಮಗಳನ್ನು ಎಷ್ಟು ಸಲ ಓದಿದರೂ ಅಂಕ ಏರುವುದಿಲ್ಲ. ನೀವು ವಾಕ್ಯದ ಕಟ್ಟಡವನ್ನು ಕಣ್ಣಿನಿಂದ ನೋಡಿ ಪರೀಕ್ಷಿಸುವ ರೂಢಿ ಮಾಡಿಕೊಳ್ಳಬೇಕು. ಇದರಲ್ಲಿ ನಿಮ್ಮ ಕನ್ನಡ ಅಡ್ಡಿಯಲ್ಲ. ಎರಡು ಭಾಷೆಗಳ ವಾಕ್ಯರಚನೆ ಎಲ್ಲಿ ಒಂದೇ ದಾರಿಯಲ್ಲಿ ಸಾಗುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಗುರುತಿಸಿಕೊಂಡರೆ ಯಾವ ಅಧ್ಯಾಯಕ್ಕೆ ಎಷ್ಟು ಸಮಯ ಕೊಡಬೇಕೆಂಬುದು ತಾನಾಗಿ ತೀರ್ಮಾನವಾಗುತ್ತದೆ. ನನ್ನ ಉತ್ತರದ ಬಹುಪಾಲು ಈ ಗುರುತಿಸುವ ಕೆಲಸಕ್ಕೇ ಮೀಸಲು.

ಮೊದಲು ಪರೀಕ್ಷೆಯ ಅಳತೆಯನ್ನು ಗಮನಿಸೋಣ. ಸಿಜಿಎಲ್‌ನ ಈಚಿನ ಮಾದರಿಯಂತೆ ಮೊದಲ ಹಂತವಾದ ಟಿಯರ್ 1ರಲ್ಲಿ 60 ನಿಮಿಷಕ್ಕೆ 100 ಪ್ರಶ್ನೆಗಳಿದ್ದು, ಅವುಗಳಲ್ಲಿ 25 ಪ್ರಶ್ನೆ, 50 ಅಂಕ ಇಂಗ್ಲಿಷಿನದು. ಟಿಯರ್ 2ರಲ್ಲಿ ಇಂಗ್ಲಿಷಿಗೆ 45 ಪ್ರಶ್ನೆ, 135 ಅಂಕ. ಗಣಿತದ ಭಾಗಕ್ಕೆ ಅಲ್ಲಿ ಇರುವುದು 30 ಪ್ರಶ್ನೆ, 90 ಅಂಕ ಮಾತ್ರ ಎಂಬುದನ್ನು ನೋಡಿದರೆ, ಗಣಿತ ಚೆನ್ನಾಗಿ ಬರುತ್ತದೆ ಎಂಬ ಧೈರ್ಯದ ಮೇಲೆ ಇಂಗ್ಲಿಷನ್ನು ಕೊನೆಗೆ ಇಟ್ಟುಕೊಳ್ಳುವುದು ಎಷ್ಟು ದುಬಾರಿ ಎಂಬುದು ಅರಿವಾಗುತ್ತದೆ. ಐಬಿಪಿಎಸ್‌ನ ಮೊದಲ ಹಂತವಾದ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 20 ನಿಮಿಷ, 30 ಪ್ರಶ್ನೆ, ಅಂದರೆ ಒಂದು ಪ್ರಶ್ನೆಗೆ 40 ಸೆಕೆಂಡು. ಸಾರ್ವಜನಿಕ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನು ಈಗ ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಇದು ಬಹುಕಾಲದ ಬೇಡಿಕೆ, ಈಡೇರಿದ್ದು ಸಂತೋಷದ ಸಂಗತಿ. ಆದರೆ ಇಂಗ್ಲಿಷ್ ಭಾಗ ಇಂಗ್ಲಿಷಿನಲ್ಲಿಯೇ ಉಳಿದಿದೆ, ಆ ಭಾಗದ ಕಟ್ ಆಫ್, ಅಂದರೆ ಕನಿಷ್ಠ ಅಂಕ, ದಾಟದೆ ಮುಂದಿನ ದಾರಿಯಿಲ್ಲ.

ಒಂದು ಪ್ರಶ್ನೆಗೆ ಸಿಗುವ ಇಷ್ಟು ಕಡಿಮೆ ಸಮಯದಲ್ಲಿ ವಾಕ್ಯವನ್ನು ಮೇಲಿಂದ ಕೆಳಗೆ ಮತ್ತೆ ಮತ್ತೆ ಓದುತ್ತ ಕುಳಿತುಕೊಳ್ಳಲು ಸಾಧ್ಯವಿಲ್ಲ. ಆದ್ದರಿಂದ ಹುಡುಕುವುದಕ್ಕೆ ಒಂದು ಕ್ರಮ ಬೇಕು, ಮತ್ತು ಆ ಕ್ರಮ ಯಾವಾಗಲೂ ಕ್ರಿಯಾಪದದಿಂದ ಆರಂಭವಾಗಬೇಕು. ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ:

‘ದ ಲಿಸ್ಟ್ ಆಫ್ ಕ್ಯಾಂಡಿಡೇಟ್ಸ್ / ಹೂ ಹ್ಯಾವ್ ಕ್ಲಿಯರ್ಡ್ ದ ಎಕ್ಸಾಮಿನೇಷನ್ / ಹ್ಯಾವ್ ಬೀನ್ ಡಿಸ್‌ಪ್ಲೇಡ್ / ಆನ್ ದ ನೋಟಿಸ್ ಬೋರ್ಡ್.’

ಹೆಚ್ಚಿನ ಅಭ್ಯರ್ಥಿಗಳಿಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಕಾರಣವನ್ನು ಕನ್ನಡದಲ್ಲಿಯೇ ಹುಡುಕಬಹುದು. ಇದೇ ಮಾತನ್ನು ನಾವು ‘ಪರೀಕ್ಷೆಯಲ್ಲಿ ತೇರ್ಗಡೆಯಾದ ಅಭ್ಯರ್ಥಿಗಳ ಪಟ್ಟಿ ಸೂಚನಾ ಫಲಕದಲ್ಲಿ ಪ್ರಕಟವಾಗಿದೆ’ ಎಂದು ಹೇಳುತ್ತೇವೆ. ಪಟ್ಟಿಯನ್ನು ಕುರಿತ ವಿವರಗಳೆಲ್ಲ ‘ಪಟ್ಟಿ’ ಎಂಬ ಪದಕ್ಕಿಂತ ಮೊದಲೇ ಬಂದು ಮುಗಿಯುತ್ತವೆ. ಕ್ರಿಯಾಪದದ ಕಡೆಗೆ ಹೊರಟಾಗ ಕೊನೆಯಲ್ಲಿ ಕೇಳಿದ ಕರ್ತೃ ‘ಪಟ್ಟಿ’ಯೇ ಆಗಿರುತ್ತದೆ. ಇಂಗ್ಲಿಷಿನಲ್ಲಿ ಇದು ತಿರುವುಮುರುವು. ‘ಲಿಸ್ಟ್’ ಮೊದಲು ಬರುತ್ತದೆ, ಅದರ ವಿವರಗಳು ಆಮೇಲೆ ಬರುತ್ತವೆ. ಹಾಗಾಗಿ ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ ಇನ್ನೊಂದು ನಾಮಪದ, ಇಲ್ಲಿ ‘ಕ್ಯಾಂಡಿಡೇಟ್ಸ್’, ಬಂದು ನಿಲ್ಲುತ್ತದೆ. ಹತ್ತಿರದ ನಾಮಪದವನ್ನೇ ಕರ್ತೃ ಎಂದುಕೊಳ್ಳುವ ನಮ್ಮ ಸಹಜ ಅಭ್ಯಾಸವನ್ನು ಪ್ರಶ್ನೆ ರೂಪಿಸುವವರು ಬಳಸಿಕೊಳ್ಳುತ್ತಾರೆ. ಈ ವಾಕ್ಯದಲ್ಲಿ ಎರಡು ‘ಹ್ಯಾವ್’ಗಳಿವೆ. ಮೊದಲನೆಯದು ‘ಹೂ’ ಎಂಬ ಪದದ ಮೂಲಕ ಕ್ಯಾಂಡಿಡೇಟ್ಸ್‌ಗೆ ಸೇರಿದ್ದರಿಂದ ಸರಿ. ಎರಡನೆಯದರ ಕರ್ತೃ ಲಿಸ್ಟ್, ಅದು ಏಕವಚನ. ಆದ್ದರಿಂದ ‘ಹ್ಯಾಸ್ ಬೀನ್’ ಆಗಬೇಕು. ಸರಿಯಾದ ಮೊದಲ ‘ಹ್ಯಾವ್’ ಕಣ್ಣಿಗೆ ಬಿದ್ದಿದ್ದರಿಂದಲೇ ಎರಡನೆಯದೂ ಸರಿಯಾಗಿರಬಹುದು ಎಂಬ ಭ್ರಮೆ ಹುಟ್ಟುತ್ತದೆ.

ಅಭ್ಯಾಸದ ಆರಂಭದ ವಾರಗಳಲ್ಲಿ ಉತ್ತರ ಹುಡುಕುವ ಗೊಡವೆಗೆ ಹೋಗದೆ, ಹಳೆಯ ಪ್ರಶ್ನೆಪತ್ರಿಕೆಗಳ ವಾಕ್ಯಗಳಲ್ಲಿ ಪ್ರತಿಯೊಂದು ಕ್ರಿಯಾಪದಕ್ಕೂ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದು, ಅದರ ಕರ್ತೃಪದದವರೆಗೆ ಒಂದು ಗೆರೆ ಸೇರಿಸಿ. ‘ಆಫ್’, ‘ಇನ್’, ‘ವಿತ್’ ಮುಂತಾದವುಗಳಿಂದ ಶುರುವಾಗುವ ತುಂಡುಗಳನ್ನು ಆವರಣದೊಳಗೆ ಹಾಕಿ. ಆವರಣದೊಳಗಿನ ನಾಮಪದ ಆವರಣದ ಹೊರಗಿನ ಕ್ರಿಯಾಪದಕ್ಕೆ ಕರ್ತೃವಾಗಲಾರದು. ಈ ಒಂದು ಕೆಲಸ ಕೈಗೆ ಹತ್ತಿದರೆ ಪುಸ್ತಕಗಳಲ್ಲಿ ಹತ್ತಾರು ನಿಯಮಗಳಾಗಿ ಚದುರಿರುವ ವಿಷಯ ಒಂದೇ ಎಂದು ತಿಳಿಯುತ್ತದೆ. ‘ಆ್ಯಸ್ ವೆಲ್ ಆ್ಯಸ್’, ‘ಅಲಾಂಗ್ ವಿತ್’, ‘ಟುಗೆದರ್ ವಿತ್’, ‘ಇನ್ ಅಡಿಷನ್ ಟು’ ಇವುಗಳ ನಂತರದ ನಾಮಪದವೂ ಆವರಣದೊಳಗೇ ಸೇರುವುದರಿಂದ ‘ದ ಟೀಚರ್, ಅಲಾಂಗ್ ವಿತ್ ಹಿಸ್ ಸ್ಟೂಡೆಂಟ್ಸ್, ಈಸ್ ಕಮಿಂಗ್’ ಎಂಬುದೇ ಸರಿ. ‘ಒನ್ ಆಫ್ ಮೈ ಫ್ರೆಂಡ್ಸ್ ಹ್ಯಾಸ್’ ಎಂಬಲ್ಲಿಯೂ ಕರ್ತೃ ‘ಒನ್’. ಆದರೆ ‘ಹಿ ಈಸ್ ಒನ್ ಆಫ್ ದೋಸ್ ಟೀಚರ್ಸ್ ಹೂ ನೆವರ್ ಲೂಸ್ ದೆಯರ್ ಟೆಂಪರ್’ ಎಂಬಲ್ಲಿ ‘ಲೂಸ್’ ಸೇರುವುದು ‘ಹೂ’ ಜೊತೆಗೆ, ‘ಹೂ’ ಸೂಚಿಸುವುದು ಟೀಚರ್ಸ್ ಎಂಬ ಬಹುವಚನವನ್ನು. ಈ ಎರಡು ವಾಕ್ಯಗಳ ವ್ಯತ್ಯಾಸ ನಿಮಗೆ ನಿಚ್ಚಳವಾದ ದಿನ ಈ ಅಧ್ಯಾಯ ಮುಕ್ಕಾಲು ಪಾಲು ಮುಗಿದಂತೆ.

ಉಳಿದ ಕಾಲು ಪಾಲನ್ನು ಬಾಯಿಪಾಠ ಮಾಡುವುದು ಅನಿವಾರ್ಯ. ‘ಈಚ್’, ‘ಎವ್ರಿ’, ‘ಮೆನಿ ಎ’ ಇವುಗಳ ನಂತರ ಏಕವಚನ. ‘ನೈದರ್… ನಾರ್’, ‘ಐದರ್… ಆರ್’ ಬಂದಾಗ ಹತ್ತಿರದ ಕರ್ತೃವಿಗೆ ತಕ್ಕ ಕ್ರಿಯಾಪದ. ‘ಎ ನಂಬರ್ ಆಫ್’ ಬಹುವಚನ, ‘ದ ನಂಬರ್ ಆಫ್’ ಏಕವಚನ. ‘ದ ಪೊಯೆಟ್ ಆ್ಯಂಡ್ ನಾವಲಿಸ್ಟ್’ ಎಂದರೆ ಒಬ್ಬರೇ ವ್ಯಕ್ತಿ, ‘ದ ಪೊಯೆಟ್ ಆ್ಯಂಡ್ ದ ನಾವಲಿಸ್ಟ್’ ಎಂದರೆ ಇಬ್ಬರು.

ಕಾಲಸೂಚಕಗಳಿಗೆ, ಅಂದರೆ ಟೆನ್ಸ್ ಅಧ್ಯಾಯಕ್ಕೆ ಬಂದರೆ, ಇಲ್ಲಿ ಕನ್ನಡ ಅರ್ಧ ದಾರಿ ಜೊತೆಗಿರುತ್ತದೆ, ಅರ್ಧ ದಾರಿಯಲ್ಲಿ ದಿಕ್ಕು ತಪ್ಪಿಸುತ್ತದೆ. ಕೋಚಿಂಗ್ ಪುಸ್ತಕಗಳು ಹನ್ನೆರಡು ಟೆನ್ಸ್‌ಗಳ ಕೋಷ್ಟಕವನ್ನು ಸಮನಾಗಿ ಕಲಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಕನ್ನಡಿಗರಿಗೆ ಆ ಸಮಾನತೆಯ ಅಗತ್ಯವಿಲ್ಲ, ಕೆಳಗಿನ ಮೂರು ಸ್ಥಳಗಳಲ್ಲಿ ಎಚ್ಚರವಿದ್ದರೆ ಸಾಕು. ‘ಅವನು 2015ರಿಂದ ಇಲ್ಲಿ ಕೆಲಸ ಮಾಡುತ್ತಿದ್ದಾನೆ’ ಎಂಬುದು ನಮ್ಮಲ್ಲಿ ಶುದ್ಧ ವಾಕ್ಯ. ಅದನ್ನೇ ಇಂಗ್ಲಿಷಿಗೆ ಹೊರಳಿಸಿ ‘ಹಿ ಈಸ್ ವರ್ಕಿಂಗ್ ಹಿಯರ್ ಸಿನ್ಸ್ 2015’ ಎಂದರೆ ತಪ್ಪು. ಹಿಂದೆ ಆರಂಭವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ಇಂಗ್ಲಿಷ್ ‘ಹ್ಯಾಸ್ ಬೀನ್ ವರ್ಕಿಂಗ್’ ಎಂಬ ರೂಪವನ್ನೇ ಬೇಡುತ್ತದೆ. ವಾಕ್ಯದಲ್ಲಿ ‘ಸಿನ್ಸ್’ ಅಥವಾ ಅವಧಿಯನ್ನು ಹೇಳುವ ‘ಫಾರ್’ ಕಂಡೊಡನೆ ಕ್ರಿಯಾಪದದತ್ತ ಹೋಗಿ ನೋಡಿ. ಎರಡನೆಯದಾಗಿ, ‘ನಿನ್ನೆ ಅವರನ್ನು ನೋಡಿದ್ದೇನೆ’ ಎಂದು ನಾವು ಹೇಳಬಹುದು, ಆದರೆ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎನ್ನುವಂತಿಲ್ಲ. ಮುಗಿದುಹೋದ ಸಮಯವನ್ನು ಸೂಚಿಸುವ ಪದ, ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’, ‘ಇನ್ 2010’, ‘ಎಗೋ’ ಇದ್ದರೆ ಸರಳ ಭೂತಕಾಲವೇ ಬರಬೇಕು. ಮೂರನೆಯದು ಇನ್ನೂ ಸೂಕ್ಷ್ಮ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬುದು ನಮ್ಮ ದಿನನಿತ್ಯದ ಮಾತು, ಅದರ ನೆರಳಿನಲ್ಲಿ ‘ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ’ ಎಂಬ ವಾಕ್ಯ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ‘ಹ್ಯಾಡ್ ಗಾನ್’ ಎನ್ನಬೇಕಾದರೆ ಆಮೇಲೆ ನಡೆದ ಇನ್ನೊಂದು ಘಟನೆ ಆ ವಾಕ್ಯದಲ್ಲಿ ಅಥವಾ ಸಂದರ್ಭದಲ್ಲಿ ಇರಲೇಬೇಕು. ಅದು ಇಲ್ಲವಾದರೆ ‘ಐ ವೆಂಟ್’ ಸಾಕು.

ಇನ್ನು ಕನ್ನಡ ಕೈಹಿಡಿಯುವ ಕಡೆಗೆ ನೋಡಿ. ‘ನಾನು ನಿಲ್ದಾಣ ತಲುಪುವಷ್ಟರಲ್ಲಿ ರೈಲು ಹೊರಟುಹೋಗಿತ್ತು’ ಎಂಬಲ್ಲಿಯ ‘ಹೋಗಿತ್ತು’, ‘ಬೈ ದ ಟೈಮ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್’ ಎಂಬಲ್ಲಿಯ ‘ಹ್ಯಾಡ್ ಲೆಫ್ಟ್’ಗೆ ನೇರವಾಗಿ ಹೊಂದುತ್ತದೆ. ಷರತ್ತಿನ ವಾಕ್ಯಗಳಲ್ಲಿ ಈ ಹೊಂದಾಣಿಕೆ ಇನ್ನೂ ಅಚ್ಚುಕಟ್ಟು. ‘ಮಳೆ ಬಂದರೆ ಪಂದ್ಯ ರದ್ದಾಗುತ್ತದೆ’ ಎಂದು ಹೇಳುವಾಗ ‘ಬಂದರೆ’ ಎಂಬಲ್ಲಿ ನಾವು ಭವಿಷ್ಯತ್ತಿನ ರೂಪ ಬಳಸುವುದಿಲ್ಲ. ಇಂಗ್ಲಿಷಿನಲ್ಲೂ ಷರತ್ತಿನ ಭಾಗದಲ್ಲಿ ‘ವಿಲ್’ ಬರಬಾರದು. ‘ಇಫ್ ಇಟ್ ರೇನ್ಸ್, ದ ಮ್ಯಾಚ್ ವಿಲ್ ಬಿ ಕ್ಯಾನ್ಸಲ್ಡ್’ ಎಂಬುದೇ ಸರಿ. ‘ಓದಿದ್ದರೆ ಪಾಸಾಗಿರುತ್ತಿದ್ದ’ ಎಂಬ ವಾಕ್ಯವನ್ನು ಬಿಡಿಸಿದರೆ ‘ಇದ್ದರೆ’ ಎಂಬುದಕ್ಕೆ ‘ಹ್ಯಾಡ್’ ಮತ್ತು ಕ್ರಿಯಾಪದದ ಮೂರನೇ ರೂಪ, ‘ಇರುತ್ತಿದ್ದ’ ಎಂಬುದಕ್ಕೆ ‘ವುಡ್ ಹ್ಯಾವ್’ ಹಾಗೂ ಮೂರನೇ ರೂಪ ಸರಿಹೊಂದುತ್ತವೆ. ‘ಇಫ್ ಹಿ ವುಡ್ ಹ್ಯಾವ್ ಸ್ಟಡೀಡ್’ ಎಂದು ಎರಡೂ ಕಡೆ ‘ವುಡ್ ಹ್ಯಾವ್’ ತಂದಿಟ್ಟ ವಾಕ್ಯ ಪ್ರಶ್ನೆಪತ್ರಿಕೆಗಳಲ್ಲಿ ಆಗಾಗ ಕಾಣಿಸುತ್ತದೆ. ಕನ್ನಡದಲ್ಲಿ ‘ಓದಿರುತ್ತಿದ್ದರೆ ಪಾಸಾಗಿರುತ್ತಿದ್ದ’ ಎಂಬುದು ಹೇಗೆ ಕಿವಿಗೆ ಒಗ್ಗುವುದಿಲ್ಲವೋ ಅದೂ ಹಾಗೆಯೇ. ನೀವು ಷರತ್ತಿನ ವಾಕ್ಯಗಳ ಅಧ್ಯಾಯಕ್ಕೆ ಕನ್ನಡವನ್ನು ಜೊತೆಗಿಟ್ಟುಕೊಂಡು ಹೋದರೆ ಒಂದೆರಡು ದಿನದಲ್ಲಿ ಅದನ್ನು ಮುಗಿಸಬಲ್ಲಿರಿ.

ಮತ್ತೊಬ್ಬರ ಮಾತನ್ನು ವರದಿ ಮಾಡುವಾಗ ಮಾತ್ರ ಕನ್ನಡವನ್ನು ನಂಬುವಂತಿಲ್ಲ. ‘ನಾಳೆ ಬರುತ್ತೇನೆ ಎಂದು ಹೇಳಿದ’ ಎಂದು ಹೇಳುವಾಗ ನಾವು ಅವನ ಮಾತನ್ನು ಕಾಲ, ಪುರುಷ ಬದಲಿಸದೆ ಹಾಗೆಯೇ ಇಟ್ಟು ಒಂದು ‘ಎಂದು’ ಸೇರಿಸುತ್ತೇವೆ. ಇಂಗ್ಲಿಷಿನಲ್ಲಿ ‘ಹಿ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ’ ಎಂದು ಸರ್ವನಾಮ, ಕಾಲ, ದಿನ ಮೂರೂ ಬದಲಾಗಬೇಕು. ಸಾರ್ವಕಾಲಿಕ ಸತ್ಯವನ್ನು ಹೇಳುವಾಗ ಮಾತ್ರ ವರ್ತಮಾನ ಹಾಗೆಯೇ ಉಳಿಯುತ್ತದೆ. ಇದಕ್ಕೆ ಸೇರಿದ ಇನ್ನೊಂದು ತಪ್ಪು, ವಾಕ್ಯದೊಳಗೆ ಅಡಗಿದ ಪ್ರಶ್ನೆ. ‘ಐ ಡೋಂಟ್ ನೋ ವಾಟ್ ಈಸ್ ಹಿಸ್ ನೇಮ್’ ಎಂಬುದನ್ನು ನಾವು ಯೋಚಿಸದೆ ಬಳಸುತ್ತೇವೆ. ನೇರ ಪ್ರಶ್ನೆಯಲ್ಲಿ ಮಾತ್ರ ‘ಈಸ್’ ಮುಂದಕ್ಕೆ ಬರಬೇಕು. ಬೇರೆ ವಾಕ್ಯದ ಹೊಟ್ಟೆಯೊಳಗೆ ಸೇರಿದಾಗ ‘ವಾಟ್ ಹಿಸ್ ನೇಮ್ ಈಸ್’ ಎಂದು ಸಾಮಾನ್ಯ ಕ್ರಮಕ್ಕೆ ಮರಳಬೇಕು. ವಾಕ್ಯವನ್ನು ತಿದ್ದುವ ಸೆಂಟೆನ್ಸ್ ಇಂಪ್ರೂವ್‌ಮೆಂಟ್ ಪ್ರಶ್ನೆಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಿ.

ಆರ್ಟಿಕಲ್‌ಗಳ ವಿಷಯದಲ್ಲಿ ಕನ್ನಡ ನಮಗೆ ಏನನ್ನೂ ಕೊಡುವುದಿಲ್ಲ, ಏಕೆಂದರೆ ನಮ್ಮಲ್ಲಿ ಆರ್ಟಿಕಲ್ ಎಂಬುದೇ ಇಲ್ಲ. ಇಲ್ಲದ ಪದವನ್ನು ಗಮನಿಸುವುದು ಇರುವ ತಪ್ಪನ್ನು ಗಮನಿಸುವುದಕ್ಕಿಂತ ಕಷ್ಟ. ‘ದ’ ಎಂಬುದರ ಪ್ರಯೋಗಗಳ ಉದ್ದನೆಯ ಪಟ್ಟಿಯನ್ನು ಓದುವ ಮೊದಲು ಒಂದು ನಿಯಮವನ್ನು ಗಟ್ಟಿ ಮಾಡಿಕೊಳ್ಳಿ: ಎಣಿಸಬಹುದಾದ ವಸ್ತುವಿನ ಏಕವಚನ ನಾಮಪದ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲುವುದಿಲ್ಲ. ಅದರ ಮುಂದೆ ‘ಎ’, ‘ದ’, ‘ಮೈ’, ‘ದಿಸ್’, ‘ಎವ್ರಿ’ ಯಾವುದಾದರೂ ಒಂದು ಇರಬೇಕು. ‘ಹಿ ಬಾಟ್ ಬೈಸಿಕಲ್’ ಎಂಬಲ್ಲಿ ಏನೋ ಕಳೆದುಹೋಗಿದೆ ಎಂದು ಪತ್ತೆ ಮಾಡಲು ಇದೊಂದೇ ಸಾಕು. ‘ಎ’ ಬರಬೇಕೋ ‘ಆ್ಯನ್’ ಬರಬೇಕೋ ಎಂಬುದು ಅಕ್ಷರವನ್ನಲ್ಲ, ಉಚ್ಚಾರಣೆಯನ್ನು ಅವಲಂಬಿಸಿದೆ. ಇಲ್ಲಿ ಕನ್ನಡ ಲಿಪಿ ಬಹಳ ಉಪಯುಕ್ತ. ಪದವನ್ನು ಉಚ್ಚರಿಸಿದಂತೆ ಕನ್ನಡದಲ್ಲಿ ಬರೆದುಕೊಳ್ಳಿ. ‘ಅವರ್’, ‘ಆನೆಸ್ಟ್’, ‘ಎಂಎಲ್‌ಎ’ ಸ್ವರದಿಂದ ಆರಂಭವಾಗುವುದರಿಂದ ‘ಆ್ಯನ್’. ‘ಯೂನಿವರ್ಸಿಟಿ’, ‘ಯುರೋಪಿಯನ್’, ‘ಯೂಸ್‌ಫುಲ್’ ಯಕಾರದಿಂದ ಆರಂಭವಾಗುವುದರಿಂದ ‘ಎ’. ನಾವು ‘ಒನ್’ ಎಂದು ಬರೆಯುವ ಪದದ ಇಂಗ್ಲಿಷ್ ಉಚ್ಚಾರಣೆ ‘ವನ್’ ಎಂಬುದನ್ನು ಮಾತ್ರ ನೆನಪಿಡಿ. ಹಾಗಾಗಿ ‘ಎ ಒನ್-ರುಪೀ ಕಾಯಿನ್’. ನದಿ, ಸಮುದ್ರ, ಪರ್ವತಶ್ರೇಣಿಗಳ ಹೆಸರಿಗೆ ‘ದ’ ಬರುತ್ತದೆ, ಒಂದೇ ಶಿಖರದ ಹೆಸರಿಗೆ ಬರುವುದಿಲ್ಲ: ‘ದ ಕಾವೇರಿ’, ‘ದ ಹಿಮಾಲಯಾಸ್’, ಆದರೆ ಬರಿಯ ‘ಮೌಂಟ್ ಎವರೆಸ್ಟ್’.

ಇದಕ್ಕೆ ಅಂಟಿಕೊಂಡಿರುವುದು ವಚನದ ಸಮಸ್ಯೆ. ‘ಐದು ಮರ’, ‘ಹತ್ತು ರೂಪಾಯಿ’ ಎಂದು ಸಂಖ್ಯೆಯ ಮುಂದೆ ಬಹುವಚನ ಪ್ರತ್ಯಯವಿಲ್ಲದೆ ನಾವು ಮಾತನಾಡುತ್ತೇವೆ. ಇಂಗ್ಲಿಷಿನಲ್ಲಿ ‘ಫೈವ್ ಟ್ರೀಸ್’ ಆಗಲೇಬೇಕು. ಆದರೆ ಅದೇ ಸಂಖ್ಯೆ ಇನ್ನೊಂದು ನಾಮಪದದ ವಿಶೇಷಣವಾದಾಗ ಬಹುವಚನ ಬಿದ್ದುಹೋಗುತ್ತದೆ: ‘ಎ ಫೈವ್-ಇಯರ್ ಪ್ಲ್ಯಾನ್’, ‘ಎ ಟೆನ್-ರುಪೀ ನೋಟ್’. ಇದಕ್ಕೆ ವಿರುದ್ಧವಾಗಿ ನಾವು ಸಲಹೆಗಳು, ಮಾಹಿತಿಗಳು, ಉಪಕರಣಗಳು ಎಂದು ಬಹುವಚನ ಮಾಡುವ ಎಷ್ಟೋ ಸಂಗತಿಗಳು ಇಂಗ್ಲಿಷಿನಲ್ಲಿ ಎಣಿಕೆಗೆ ಸಿಗುವುದಿಲ್ಲ. ‘ಅಡ್ವೈಸ್’, ‘ಇನ್ಫರ್ಮೇಷನ್’, ‘ಎಕ್ವಿಪ್‌ಮೆಂಟ್’, ‘ಫರ್ನಿಚರ್’, ‘ಲಗೇಜ್’, ‘ಮೆಷಿನರಿ’, ‘ಸೀನರಿ’ ಇವುಗಳಿಗೆ ಕೊನೆಯಲ್ಲಿ ‘ಎಸ್’ ಕಂಡರೆ, ಹಿಂದೆ ‘ಮೆನಿ’ ಕಂಡರೆ, ಅಥವಾ ನಂತರ ಬಹುವಚನದ ಕ್ರಿಯಾಪದ ‘ಆರ್’ ಕಂಡರೆ ತಪ್ಪು ಅಲ್ಲಿಯೇ ಇದೆ. ಈ ಪಟ್ಟಿ ಚಿಕ್ಕದು, ಒಂದು ಸಂಜೆಯಲ್ಲಿ ಕಲಿಯಬಹುದು, ಮತ್ತು ಇದರಿಂದ ಸಿಗುವ ಅಂಕಗಳು ಖಚಿತ.

ಪ್ರಿಪೊಸಿಷನ್‌ಗಳನ್ನು ಅಕ್ಷರಕ್ರಮದ ಪಟ್ಟಿಯಲ್ಲಿ ಓದುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಅವುಗಳನ್ನು ನಮ್ಮ ವಿಭಕ್ತಿ ಪ್ರತ್ಯಯಗಳ ಮೂಲಕ ವಿಂಗಡಿಸಿ ಕಲಿತರೆ ತಪ್ಪು ಎಲ್ಲಿಂದ ಬರುತ್ತದೆ ಎಂಬುದು ಅರ್ಥವಾಗುತ್ತದೆ. ‘ಮೈಸೂರಿಗೆ ತಲುಪಿದ’ ಎಂಬಲ್ಲಿಯ ‘ಗೆ’ ನಮ್ಮಿಂದ ‘ರೀಚ್ಡ್ ಟು ಮೈಸೂರು’ ಎನ್ನಿಸುತ್ತದೆ. ‘ಕೋಣೆಯೊಳಗೆ ಪ್ರವೇಶಿಸಿದ’ ಎಂಬಲ್ಲಿಯ ‘ಒಳಗೆ’ ನಮ್ಮಿಂದ ‘ಎಂಟರ್ಡ್ ಇನ್‌ಟು ದ ರೂಮ್’ ಎನ್ನಿಸುತ್ತದೆ. ‘ವಿಷಯದ ಬಗ್ಗೆ ಚರ್ಚಿಸಿದರು’ ಎಂಬುದು ‘ಡಿಸ್ಕಸ್ಡ್ ಅಬೌಟ್’ ಆಗುತ್ತದೆ. ಈ ಮೂರೂ ಕ್ರಿಯಾಪದಗಳು, ಇವುಗಳ ಜೊತೆಗೆ ‘ಡಿಸ್ಕ್ರೈಬ್’, ‘ರಿಸೆಂಬಲ್’, ‘ಮ್ಯಾರಿ’, ‘ಅಕಂಪನಿ’, ‘ಅವೇಟ್’, ‘ರೆಸಿಸ್ಟ್’ ಪ್ರಿಪೊಸಿಷನ್ನಿನ ನೆರವಿಲ್ಲದೆ ನೇರವಾಗಿ ಕರ್ಮಪದವನ್ನು ತೆಗೆದುಕೊಳ್ಳುತ್ತವೆ. ಹಾಗೆಯೇ ‘ನನಗಿಂತ ಸೀನಿಯರ್’ ಎಂಬ ನಮ್ಮ ಮಾತಿನ ‘ಗಿಂತ’ ಇಂಗ್ಲಿಷಿನಲ್ಲಿ ‘ದ್ಯಾನ್’ ಆಗಿ ಇಳಿಯುತ್ತದೆ. ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’, ‘ಇನ್ಫೀರಿಯರ್’, ‘ಪ್ರಿಫರ್’ ಇವುಗಳ ನಂತರ ಬರಬೇಕಾದ್ದು ‘ಟು’. ಇನ್ನೊಂದು ‘ಟು’ ಬೇರೆ ರೀತಿಯದು. ‘ಲುಕ್ ಫಾರ್ವರ್ಡ್ ಟು’, ‘ವಿತ್ ಎ ವ್ಯೂ ಟು’, ‘ಅಕಸ್ಟಮ್ಡ್ ಟು’ ಇವುಗಳ ನಂತರ ‘ಮೀಟ್’ ಅಲ್ಲ, ‘ಮೀಟಿಂಗ್’ ಬರಬೇಕು, ಏಕೆಂದರೆ ಇಲ್ಲಿಯ ‘ಟು’ ಪ್ರಿಪೊಸಿಷನ್.

ಜೋಡಿಪದಗಳಲ್ಲಿ ‘ನೋ ಸೂನರ್’ ಬಂದರೆ ‘ದ್ಯಾನ್’, ‘ಹಾರ್ಡ್ಲಿ’ ಅಥವಾ ‘ಸ್ಕೇರ್ಸ್ಲಿ’ ಬಂದರೆ ‘ವೆನ್’, ‘ಲೆಸ್ಟ್’ ಬಂದರೆ ‘ಶುಡ್’, ‘ನಾಟ್ ಓನ್ಲಿ’ ಬಂದರೆ ‘ಬಟ್ ಆಲ್ಸೊ’ ಎಂಬುದನ್ನು ಬರೆದಿಟ್ಟುಕೊಳ್ಳಿ. ‘ದೋ’ ಎಂದು ಆರಂಭಿಸಿ ನಡುವೆ ‘ಬಟ್’ ಸೇರಿಸಬಾರದು. ‘ರಿಟರ್ನ್ ಬ್ಯಾಕ್’, ‘ರಿಪೀಟ್ ಅಗೇನ್’, ‘ಮೋರ್ ಬೆಟರ್’, ‘ಕೋಪ್ ಅಪ್ ವಿತ್’ ಇವೆಲ್ಲ ನಮ್ಮ ಸುತ್ತ ದಿನವೂ ಕೇಳಿಬರುವ, ಪರೀಕ್ಷೆ ಒಪ್ಪದ ಪ್ರಯೋಗಗಳು. ಆಕ್ಟಿವ್-ಪ್ಯಾಸಿವ್‌ಗೆ ಹೆಚ್ಚು ಸಮಯ ಬೇಡ. ಟೆನ್ಸ್ ಖಚಿತವಾಗಿದ್ದರೆ ಅದು ಯಾಂತ್ರಿಕ ಬದಲಾವಣೆಯಷ್ಟೇ, ಆಯ್ಕೆಗಳಲ್ಲಿ ಟೆನ್ಸ್ ಬದಲಾದವನ್ನು ತೆಗೆದುಹಾಕಿದರೆ ಹೆಚ್ಚಿನ ಸಲ ಉತ್ತರ ಒಂದೇ ಉಳಿಯುತ್ತದೆ.

ಅಭ್ಯಾಸದ ಸಾಮಗ್ರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಸ್‌ಎಸ್‌ಸಿ ತನ್ನ ಪ್ರಶ್ನೆಪತ್ರಿಕೆ ಮತ್ತು ಉತ್ತರಗಳನ್ನು ಅಭ್ಯರ್ಥಿಗಳಿಗೆ ಕೊಡುವುದರಿಂದ ಅದರ ಹಳೆಯ ಪತ್ರಿಕೆಗಳು ನಂಬಲರ್ಹ. ಐಬಿಪಿಎಸ್‌ನ ಹಳೆಯ ಪತ್ರಿಕೆ ಎಂದು ಸಿಗುವವು ಅಭ್ಯರ್ಥಿಗಳ ನೆನಪಿನಿಂದ ಕಟ್ಟಿದವು. ಅವು ಪ್ರಶ್ನೆಗಳ ಬಗೆ ತಿಳಿಯಲು ಸಾಕಾದರೂ ವ್ಯಾಕರಣದ ಸೂಕ್ಷ್ಮಗಳಿಗೆ ಆಧಾರವಾಗಲಾರವು. ಆದ್ದರಿಂದ ನೀವು ಬ್ಯಾಂಕ್ ಪರೀಕ್ಷೆಗೆ ಓದುವಾಗಲೂ ವ್ಯಾಕರಣವನ್ನು ಎಸ್‌ಎಸ್‌ಸಿ ಪತ್ರಿಕೆಗಳಿಂದಲೇ ಅಭ್ಯಾಸ ಮಾಡಿ. ತಪ್ಪಾದ ಪ್ರತಿಯೊಂದು ಪ್ರಶ್ನೆಯ ಸರಿಯಾದ ವಾಕ್ಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಪೂರ್ತಿಯಾಗಿ ಬರೆದು, ಕೆಳಗೆ ಕಾರಣವನ್ನು ಕನ್ನಡದಲ್ಲಿ ಒಂದು ಸಾಲಿನಲ್ಲಿ ಬರೆಯಿರಿ. ಕಾರಣವನ್ನು ಸ್ವಂತ ಭಾಷೆಯಲ್ಲಿ ಬರೆಯಲಾಗದಿದ್ದರೆ ಆ ನಿಯಮ ಇನ್ನೂ ನಿಮ್ಮದಾಗಿಲ್ಲ ಎಂದು ತಿಳಿಯಿರಿ. ಬ್ಯಾಂಕ್ ಪರೀಕ್ಷೆಯಲ್ಲಿ ಓದಿ ಅರ್ಥೈಸುವ ಪ್ಯಾಸೇಜುಗಳ ಪಾಲು ದೊಡ್ಡದಾದ್ದರಿಂದ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಓದುವುದನ್ನು ಬಿಡಬೇಡಿ. ಅದರಲ್ಲಿಯೂ ಉದ್ದನೆಯ ಎರಡು ವಾಕ್ಯಗಳನ್ನು ಆರಿಸಿಕೊಂಡು ಕರ್ತೃವಿನಿಂದ ಕ್ರಿಯಾಪದಕ್ಕೆ ಗೆರೆ ಎಳೆಯಿರಿ.

‘ನೋ ಎರರ್’ ಎಂಬ ಆಯ್ಕೆಯ ಬಗೆಗಿನ ಅಳುಕನ್ನೂ ಕಳೆದುಕೊಳ್ಳಬೇಕು. ಪ್ರಶ್ನೆ ಎಂದ ಮೇಲೆ ತಪ್ಪು ಇದ್ದೇ ಇರಬೇಕು ಎಂದುಕೊಂಡು ಅಭ್ಯರ್ಥಿಗಳು ಸರಿಯಾದ ಭಾಗವನ್ನು ಅನುಮಾನಿಸುತ್ತಾರೆ. ಕ್ರಿಯಾಪದ ಮತ್ತು ಕರ್ತೃ, ಕಾಲ ಮತ್ತು ಸಮಯಸೂಚಕ ಪದ, ನಾಮಪದದ ವಚನ ಮತ್ತು ಆರ್ಟಿಕಲ್, ಪ್ರಿಪೊಸಿಷನ್, ಜೋಡಿಪದ ಎಂಬ ಕ್ರಮದಲ್ಲಿ ಒಮ್ಮೆ ನೋಡಿ ಏನೂ ಸಿಗದಿದ್ದರೆ ‘ನೋ ಎರರ್’ ಎಂದು ಗುರುತಿಸಿ ಮುಂದೆ ಹೋಗಿ.

ಊಹೆಯ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ. ಸಿಜಿಎಲ್ ಟಿಯರ್ 1ರಲ್ಲಿ ಸರಿಯುತ್ತರಕ್ಕೆ 2 ಅಂಕ, ತಪ್ಪಿಗೆ 0.50 ಕಡಿತ, ಆಯ್ಕೆಗಳು ನಾಲ್ಕು. ಏನೂ ತಿಳಿಯದೆ ನಾಲ್ಕು ಪ್ರಶ್ನೆಗಳನ್ನು ಗುರುತಿಸಿದರೆ ಸರಾಸರಿಯಲ್ಲಿ ಒಂದು ಸರಿಯಾಗಿ 2 ಅಂಕ ಬಂದು, ಮೂರು ತಪ್ಪಾಗಿ 1.50 ಹೋಗಿ, ಅರ್ಧ ಅಂಕ ಉಳಿಯುತ್ತದೆ. ಟಿಯರ್ 2ರಲ್ಲಿ ಸರಿಯುತ್ತರಕ್ಕೆ 3, ತಪ್ಪಿಗೆ 1 ಕಡಿತವಿರುವುದರಿಂದ ಅದೇ ನಾಲ್ಕು ಊಹೆಗಳಿಂದ ಸರಾಸರಿಯಲ್ಲಿ ಬರುವುದು ಸೊನ್ನೆ. ಐಬಿಪಿಎಸ್‌ನಲ್ಲಿ ಐದು ಆಯ್ಕೆಗಳಿದ್ದು ತಪ್ಪಿಗೆ ಕಾಲು ಅಂಕ ಹೋಗುವುದರಿಂದ ಅಲ್ಲಿಯೂ ಸೊನ್ನೆಯೇ. ಆದರೆ ಎರಡು ಆಯ್ಕೆಗಳನ್ನು ಕಾರಣಸಹಿತ ತೆಗೆದುಹಾಕಬಲ್ಲಿರಾದರೆ ಚಿತ್ರ ಬದಲಾಗುತ್ತದೆ: ಟಿಯರ್ 2ರಲ್ಲಿ ಉಳಿದ ಎರಡರ ನಡುವೆ ಮಾಡಿದ ಎರಡು ಊಹೆಗಳಿಂದ ಸರಾಸರಿ 2 ಅಂಕ, ಐಬಿಪಿಎಸ್‌ನಲ್ಲಿ ಉಳಿದ ಮೂರರ ನಡುವೆ ಮಾಡಿದ ಮೂರು ಊಹೆಗಳಿಂದ ಅರ್ಧ ಅಂಕ ಕೈಗೆ ಬರುತ್ತದೆ. ಹಾಗಾಗಿ ವ್ಯಾಕರಣದ ಪ್ರಶ್ನೆಯಲ್ಲಿ ಒಂದೆರಡು ಭಾಗಗಳಾದರೂ ಸರಿ ಎಂದು ನಿಯಮದ ಆಧಾರದಿಂದ ಹೇಳಬಲ್ಲಿರಾದರೆ ಉಳಿದವುಗಳಲ್ಲಿ ಒಂದನ್ನು ಗುರುತಿಸಿ. ಸಮಾನಾರ್ಥಕ ಪದ ಅಥವಾ ನುಡಿಗಟ್ಟಿನ ಪ್ರಶ್ನೆಯಲ್ಲಿ ಆ ಪದವನ್ನು ಎಂದೂ ನೋಡಿಯೇ ಇಲ್ಲವಾದರೆ, ಟಿಯರ್ 2 ಮತ್ತು ಐಬಿಪಿಎಸ್‌ಗಳಲ್ಲಿ ಅದನ್ನು ಬಿಟ್ಟು ಆ ಸಮಯವನ್ನು ಮುಂದಿನ ಪ್ರಶ್ನೆಗೆ ಕೊಡಿ.